ಯಾವ ಕತ್ತಲೆಗೆ ಯಾವ ಲೈಟು? ಕಾರಿಗೆ ನಾವೇ ಹೆಚ್ಚುವರಿ ದೀಪ ಹಾಕಿಕೊಳ್ಳುವ ಮುನ್ನ

ಮಳೆಗಾಲ ಹತ್ತಿರ ಬಂದರೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಹೆಡ್‌ಲೈಟ್ ಸಾಲ್ತಿಲ್ಲ, ಏನು ಹಾಕಿಸಲಿ?" ಕೇಳುವವರು ಅಷ್ಟರಲ್ಲಾಗಲೇ ನಾಲ್ಕೈದು ವಿಡಿಯೋ ನೋಡಿ ತಲೆ ಕೆಡಿಸಿಕೊಂಡಿರುತ್ತಾರೆ. ಒಬ್ಬ ಗೆಳೆಯ ಫಾಗ್ ಲ್ಯಾಂಪ್ ಅಂದಿರುತ್ತಾನೆ, ಇನ್ನೊಬ್ಬ ಎಲ್‌ಇಡಿ ಬಲ್ಬ್ ಅಂದಿರುತ್ತಾನೆ, ಅಂಗಡಿಯವನು ಲೈಟ್ ಬಾರ್ (ಉದ್ದ ಪಟ್ಟಿಯಂಥ ಎಲ್‌ಇಡಿ ದೀಪ) ತೆಗೆದು ಮೇಜಿನ ಮೇಲಿಟ್ಟಿರುತ್ತಾನೆ.

ಈ ಸಲ ಕೇಳಿದ್ದು ಚಿಕ್ಕಪ್ಪನ ಮಗ. ಕೆಲಸ ಹಾಸನದಲ್ಲಿ, ಹೆಂಡತಿಯ ತವರು ಬೆಳ್ತಂಗಡಿ ಕಡೆ. ತಿಂಗಳಿಗೆ ಎರಡು ಸಲವಾದರೂ ಚಾರ್ಮಾಡಿ ಘಾಟಿ ಇಳಿಯಬೇಕು. "ಅಣ್ಣ, ಐದು ಸಾವಿರದ ಒಳಗೆ ಹೇಳು. ನಾನೇ ಕೂತ್ಕೊಂಡು ಹಾಕ್ಕೋತೀನಿ" ಅಂದ. ಫೋನಿನಲ್ಲಿ ಅವನಿಗೆ ಹೇಳಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ನಾನು ಆಟೋ ಎಲೆಕ್ಟ್ರಿಷಿಯನ್ ಅಲ್ಲ. ನನ್ನ ಹಳೇ ಕಾರು, ಮನೆಯ ಎರಡು ಬೈಕು, ನೆಂಟರ ತೋಟದ ಒಂದು ಜೀಪು, ಇಷ್ಟಕ್ಕೆ ವೈರ್ ಎಳೆದಿದ್ದೇನೆ. ಎರಡು ಸಲ ತಪ್ಪು ಮಾಡಿದ್ದೇನೆ. ಅವೂ ಮುಂದೆ ಬರುತ್ತವೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲು ಕೇಳಿಕೊಳ್ಳಬೇಕಾದ್ದು, ನಿಮಗೆ ತೊಂದರೆ ಕೊಡುತ್ತಿರುವುದು ಯಾವ ಥರದ ಕತ್ತಲೆ ಅಂತ. ಎಲ್ಲ ಕತ್ತಲೆಯೂ ಒಂದೇ ಅಲ್ಲ. ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವಾಗ ಸಿಗುವುದು ಮಂಜು. ಅಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನೀರಿನ ಕಣಗಳಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಮುಂದೆ ಬಿಳಿ ಪಂಚೆ ಹಿಡಿದ ಹಾಗೆ. ಜೋರು ಮಳೆಯಲ್ಲಿ ಕಥೆ ಬೇರೆ. ಒದ್ದೆ ಟಾರು ಕನ್ನಡಿಯ ಹಾಗಾಗಿ, ಬೆಳಕನ್ನು ಮುಂದಕ್ಕೆ ಜಾರಿಸಿಬಿಡುತ್ತದೆ. ಲೈಟು ಹೊತ್ತಿರುತ್ತದೆ, ರಸ್ತೆ ಮಾತ್ರ ಕಪ್ಪಗೇ ಇರುತ್ತದೆ. ಹಿರಿಯೂರು, ಚಿತ್ರದುರ್ಗದ ಕಡೆಯ ನೇರ ರಸ್ತೆಯಲ್ಲಿ ಮಂಜೂ ಇಲ್ಲ, ತಿರುವೂ ಇಲ್ಲ. ಅಲ್ಲಿ ಬೇಕಾದ್ದು ದೂರ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ದೂರದ ಬೆಳಕಿನಿಂದ ಏನೂ ಪ್ರಯೋಜನವಿಲ್ಲ, ಅದು ಎದುರಿನ ಕಣಿವೆಯ ಮರಕ್ಕೆ ಬೀಳುತ್ತದೆ. ಅಲ್ಲಿ ಬೇಕಾದ್ದು ಅಕ್ಕಪಕ್ಕ.

ಎರಡನೆಯದು, ಬೆಳಕು ಎಷ್ಟು ಅನ್ನುವುದಕ್ಕಿಂತ ಎಲ್ಲಿ ಬೀಳುತ್ತದೆ ಅನ್ನುವುದು. ಮಾಮೂಲಿ ಎಚ್4 ಹ್ಯಾಲೋಜೆನ್ ಬಲ್ಬ್, ಅಂದರೆ 60/55 ವ್ಯಾಟಿನದು (ಹೈ ಬೀಮಿಗೆ 60, ಲೋ ಬೀಮಿಗೆ 55), ಲೋ ಬೀಮಿನಲ್ಲಿ ಸುಮಾರು 1,000 ಲ್ಯೂಮೆನ್ (ಬೆಳಕಿನ ಅಳತೆ), ಹೈ ಬೀಮಿನಲ್ಲಿ ಸುಮಾರು 1,650 ಲ್ಯೂಮೆನ್ ಕೊಡುತ್ತದೆ. ಎಷ್ಟೋ ವರ್ಷ ಜನ ಅದರಲ್ಲೇ ಘಾಟಿ ಹತ್ತಿ ಇಳಿದಿದ್ದಾರೆ. ಈಗ ಆನ್‌ಲೈನಿನಲ್ಲಿ 20 ವ್ಯಾಟಿನ ಪುಟ್ಟ ಎಲ್‌ಇಡಿ ಡಬ್ಬಿಯ ಮೇಲೆ "20,000 ಲ್ಯೂಮೆನ್" ಅಂತ ಬರೆದಿರುತ್ತಾರೆ. ಒಂದು ಸುಲಭದ ಲೆಕ್ಕ ಹೇಳುತ್ತೇನೆ. ವಾಹನಕ್ಕೆ ಬರುವ ಎಲ್‌ಇಡಿಗಳು ವ್ಯಾಟಿಗೆ 100, ಹೆಚ್ಚೆಂದರೆ 150 ಲ್ಯೂಮೆನ್ ಕೊಟ್ಟಾವು. ವ್ಯಾಟನ್ನು ನೂರರಿಂದ ಗುಣಿಸಿ. ಅದಕ್ಕಿಂತ ತೀರಾ ಜಾಸ್ತಿ ಬರೆದಿದ್ದರೆ ಡಬ್ಬಿಯನ್ನು ಅಲ್ಲೇ ಬಿಡಿ.

ಮೂರನೆಯದು ಕರೆಂಟು. ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 55 ವ್ಯಾಟಿನ ಎರಡು ಹ್ಯಾಲೋಜೆನ್ ಸುಮಾರು 9 ಆಂಪಿಯರ್ ಎಳೆಯುತ್ತವೆ. 20 ವ್ಯಾಟಿನ ಎರಡು ಎಲ್‌ಇಡಿ ಮೂರು ಚಿಲ್ಲರೆ. ಕಾರಿಗೆ ಎರಡೂ ಓಕೆ. ಬೈಕಿಗೆ ಈ ವ್ಯತ್ಯಾಸವೇ ಎಲ್ಲ.

ನಾಲ್ಕನೆಯದು ಕಾನೂನು. ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ, ನಾನು ಇಲ್ಲೇ ಹೇಳಿಬಿಡುತ್ತೇನೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದ ಪ್ರಕಾರ, ನೋಂದಣಿ ಅಧಿಕಾರಿಯ ಅನುಮತಿ ಇಲ್ಲದೆ ವಾಹನದ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವ ಹಾಗಿಲ್ಲ. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದ ಗಾಡಿಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದು ನೆನಪಿರಬಹುದು. "ಎಲ್ಲರೂ ಹಾಕಿದ್ದಾರೆ ಸಾರ್" ಅನ್ನುವುದು ಅಂಗಡಿಯಲ್ಲಿ ನಡೆಯುತ್ತದೆ, ಚೆಕ್‌ಪೋಸ್ಟಿನಲ್ಲಿ ಅಲ್ಲ. ವಾರಂಟಿ ಇರುವ ಕಾರಾದರೆ ಇನ್ನೊಂದು ತಲೆನೋವು. ಕಂಪನಿಯ ವೈರ್ ಕತ್ತರಿಸಿದ್ದು ಕಂಡರೆ ಎಲೆಕ್ಟ್ರಿಕಲ್ ತೊಂದರೆ ಯಾವುದು ಬಂದರೂ ನಿಮ್ಮ ತಲೆಗೇ ಕಟ್ಟುತ್ತಾರೆ.

ಕೊನೆಯದು, ನಿಮ್ಮ ಕೈಯಲ್ಲಿ ಎಷ್ಟಾಗುತ್ತದೆ ಅನ್ನುವುದು. ಸ್ಕ್ರೂ ತಿರುಗಿಸಿ ಕಪ್ಲರ್ (ವೈರಿನ ತುದಿಯ ಪ್ಲಗ್) ಸಿಕ್ಕಿಸುವುದು ಬೇರೆ, ಬಂಪರ್ ಬಿಚ್ಚುವುದು ಬೇರೆ.

ಮೊದಲು ಇದ್ದದ್ದನ್ನೇ ಸರಿ ಮಾಡಿ

ಯಾರೂ ಕೇಳದ ಆಯ್ಕೆ ಇದು. ಆದರೆ ನನ್ನನ್ನು ಕೇಳಿದವರಲ್ಲಿ ಅರ್ಧ ಜನಕ್ಕೆ ಇಷ್ಟೇ ಸಾಕಾಗಿದೆ.

ಹಳೇ ಕಾರಿನ ಹೆಡ್‌ಲೈಟ್ ಗಾಜು, ನಿಜಕ್ಕೂ ಅದು ಗಾಜಲ್ಲ ಪಾಲಿಕಾರ್ಬೊನೇಟ್, ಬಿಸಿಲಿಗೆ ಹಳದಿಯಾಗಿ ಮಸುಕಾಗಿರುತ್ತದೆ. ನೀರಿನಲ್ಲಿ ಅದ್ದಿದ ಸ್ಯಾಂಡ್‌ಪೇಪರ್, ಮೊದಲು ಒರಟು ಆಮೇಲೆ ನಯ, ಕೊನೆಗೆ ಪಾಲಿಶ್. ಒಂದು ಭಾನುವಾರದ ಕೆಲಸ. ಮೇಲೆ ಯುವಿ ಕೋಟ್ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ.

ಎರಡನೆಯದು ವೋಲ್ಟೇಜು. ಇದನ್ನು ನಾನು ಕಲಿತದ್ದು ನಮ್ಮ ಮನೆಯ ಅಂಗಳದಲ್ಲೇ. ಎಂಜಿನ್ ಓಡುತ್ತಿತ್ತು, ಹೆಡ್‌ಲೈಟ್ ಹೊತ್ತಿತ್ತು. ಮಲ್ಟಿಮೀಟರಿನ ಎರಡು ಕಡ್ಡಿ ಬ್ಯಾಟರಿಗೆ ಇಟ್ಟೆ. 14.1 ವೋಲ್ಟ್. ಅವೇ ಕಡ್ಡಿಗಳನ್ನು ಬಲ್ಬಿನ ಹಿಂದಿನ ಕಪ್ಲರಿಗೆ ತಾಗಿಸಿದೆ. 12.3. ನಡುವಿನ 1.8 ವೋಲ್ಟ್ ಎಲ್ಲಿ ಹೋಯಿತು? ಡ್ಯಾಶ್‌ಬೋರ್ಡ್ ಸ್ವಿಚ್‌ವರೆಗೆ ಹೋಗಿ ವಾಪಸ್ ಬರುವ ಸಣ್ಣ ವೈರು, ಸವೆದ ಸ್ವಿಚ್ಚು, ತುಕ್ಕು ಹಿಡಿದ ಅರ್ಥ್ (ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಸಂಪರ್ಕ), ಎಲ್ಲ ಸೇರಿ ತಿಂದುಹಾಕಿದ್ದವು. ಹ್ಯಾಲೋಜೆನ್ ಬಲ್ಬಿನ ಗುಣ ಏನೆಂದರೆ, ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ನನ್ನ ಕಾರಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಬೆಳಕು ವೈರಿನಲ್ಲೇ ಸೋರಿಹೋಗುತ್ತಿತ್ತು.

ಇದಕ್ಕೆ ಮದ್ದು ರಿಲೇ ಹಾರ್ನೆಸ್. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು, ಹಾರ್ನೆಸ್ ಅಂದರೆ ವೈರಿನ ಕಟ್ಟು. ಬ್ಯಾಟರಿಯಿಂದ ದಪ್ಪ ವೈರು ಫ್ಯೂಸ್ ಮೂಲಕ ರಿಲೇಗೆ, ರಿಲೇಯಿಂದ ಬಲ್ಬಿಗೆ. ಹಳೇ ಕಪ್ಲರ್ ರಿಲೇಯನ್ನು ಎಬ್ಬಿಸುವ ಕೆಲಸಕ್ಕೆ ಮಾತ್ರ. ಎಚ್4ಗೆ ರೆಡಿಮೇಡ್ ಸಿಗುತ್ತದೆ, ಒಂದು ವೈರನ್ನೂ ಕತ್ತರಿಸಬೇಕಿಲ್ಲ. ನಾನು ಕೊಟ್ಟದ್ದು 900 ರೂಪಾಯಿ. ಹಾಕಿದ ಮೇಲೆ ಕಪ್ಲರಿನಲ್ಲಿ 13.7 ವೋಲ್ಟ್ ಬಂತು. ಜೊತೆಗೆ ಅದೇ 60/55 ವ್ಯಾಟಿನಲ್ಲಿ ಒಳ್ಳೇ ಕಂಪನಿಯ ಒಂದು ಜೊತೆ ಬಲ್ಬ್ ಹಾಕಿದೆ. ಡಬ್ಬಿಯ ಮೇಲೆ "+100", "+130" ಅಂತ ಇರುತ್ತದಲ್ಲ, ಆ ಥರದ್ದು. ಅವು ಜಾಸ್ತಿ ಕರೆಂಟ್ ಎಳೆಯುವುದಿಲ್ಲ, ಆದರೆ ಫಿಲಮೆಂಟ್ ಜಾಸ್ತಿ ಕಾಯುವುದರಿಂದ ಆಯಸ್ಸು ಕಡಿಮೆ. ಒಟ್ಟು ಎರಡೂವರೆ ಸಾವಿರದೊಳಗೆ ಮುಗಿಯಿತು.

100/90 ವ್ಯಾಟಿನ ಬಲ್ಬ್ ಹಾಕಬೇಡಿ. ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಸುಟ್ಟು ಏಳುತ್ತದೆ, ಎದುರಿನವನ ಶಾಪ ಬೇರೆ. ಇನ್ನೊಂದು ಎಚ್ಚರ. ಜಪಾನ್ ಮೂಲದ ಕೆಲವು ಕಾರುಗಳಲ್ಲಿ ಹೆಡ್‌ಲೈಟಿನ ಸ್ವಿಚ್ಚು ಪಾಸಿಟಿವ್ ಬದಲು ಅರ್ಥ್ ಕಡೆ ಇರುತ್ತದೆ. ಅಂಥದ್ದಕ್ಕೆ ಮಾಮೂಲಿ ಹಾರ್ನೆಸ್ ಕೆಲಸ ಮಾಡುವುದಿಲ್ಲ. ಕೊಳ್ಳುವ ಮುಂಚೆ ಮೀಟರ್ ಹಿಡಿದು ನೋಡಿ. ಹೊಸ ಕಾರುಗಳಲ್ಲಿ ಲೈಟನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ, ಅಲ್ಲಿ ಈ ಹಾರ್ನೆಸ್ ಅಗತ್ಯವೂ ಕಡಿಮೆ, ಹಾಕಿದರೆ ಕಿರಿಕಿರಿಯೂ ಜಾಸ್ತಿ.

ಎಲ್‌ಇಡಿ ಬಲ್ಬ್ ಬದಲಾಯಿಸುವುದು

ಹಾಕಲು ಅತಿ ಸುಲಭ, ಹತ್ತು ನಿಮಿಷದ ಕೆಲಸ. ಅದಕ್ಕೇ ಎಲ್ಲರಿಗೂ ಇಷ್ಟ. ನಾನೂ ಹಾಕಿದ್ದೆ, ನನ್ನ ಮೊದಲ ತಪ್ಪು ಅದೇ. ಒಳಗೆ ಕೂತವನಿಗೆ ಭಾರಿ ಖುಷಿ. ಬಾನೆಟ್ ಮುಂದೆಯೇ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಆದರೆ ಎದುರು ಬಂದ ಲಾರಿಗಳೆಲ್ಲ ಡಿಮ್ ಡಿಪ್ ಮಾಡಿ ಬೈದುಕೊಂಡು ಹೋಗುತ್ತಿದ್ದವು. ನಾನು ಲೋ ಬೀಮಿನಲ್ಲೇ ಇದ್ದೆ. ಒಂದು ರಾತ್ರಿ ಹೆಂಡತಿಗೆ ಕಾರು ಕೊಟ್ಟು, "ಆ ಮೂಲೆಯಿಂದ ನಿಧಾನ ಬಾ" ಅಂತ ಹೇಳಿ ರಸ್ತೆಯಂಚಿಗೆ ನಿಂತೆ. ಅವಳು ಹತ್ತಿರ ಬಂದು ನಿಲ್ಲಿಸಿದ ಮೇಲೂ ಒಂದು ನಿಮಿಷ ನನಗೆ ನನ್ನ ಕಾಲು ಕಾಣಲಿಲ್ಲ. ಮರುದಿನವೇ ಬಿಚ್ಚಿದೆ.

ಕಾರಣ ಸರಳ. ಹ್ಯಾಲೋಜೆನ್ ರಿಫ್ಲೆಕ್ಟರಿನ ಒಂದೊಂದು ಮಡಿಕೆಯನ್ನೂ ಬಲ್ಬಿನೊಳಗಿನ ತಂತಿ ಕರಾರುವಾಕ್ಕಾಗಿ ಎಲ್ಲಿದೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ತಂತಿ ಸುತ್ತಲೂ ಬೆಳಗುತ್ತದೆ. ಎಲ್‌ಇಡಿ ಚಿಪ್ಪು ಎರಡು ಬದಿಗೆ ಮಾತ್ರ ಬೆಳಗುತ್ತದೆ, ಅದೂ ಒಂದಿಷ್ಟು ಹಿಂದೆ ಮುಂದೆ ಕೂತರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಜರ್ಮನಿಯಲ್ಲಿ 2020ರಲ್ಲಿ ಓಸ್ರಾಮ್ ಕಂಪನಿಯ ಎಚ್7 ಅನ್ನುವ ಇನ್ನೊಂದು ಬಗೆಯ ಒಂದು ಎಲ್‌ಇಡಿ ಬಲ್ಬಿಗೆ ರಸ್ತೆಯಲ್ಲಿ ಬಳಸಲು ಒಪ್ಪಿಗೆ ಸಿಕ್ಕಿತು. ಅದೂ ಪಟ್ಟಿಯಲ್ಲಿರುವ ಕಾರುಗಳ ಹೆಡ್‌ಲೈಟಿಗೆ ಮಾತ್ರ. ಒಂದೊಂದು ಹೆಡ್‌ಲೈಟನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದ ಮೇಲೆ. ನಮ್ಮ ಅಂಗಡಿಯಲ್ಲಿ "ಎಲ್ಲ ಗಾಡಿಗೂ ಆಗುತ್ತೆ" ಅಂತ ಮಾರುವುದನ್ನು ಇದರ ಪಕ್ಕ ಇಟ್ಟು ನೋಡಿ.

ನಿಮ್ಮ ಕಾರಿನಲ್ಲಿ ಪ್ರೊಜೆಕ್ಟರ್ (ಮುಂದೆ ದುಂಡನೆಯ ಲೆನ್ಸ್ ಇರುವ ಹೆಡ್‌ಲೈಟ್) ಇದ್ದರೆ ಕಣ್ಣು ಕುಕ್ಕುವುದು ಸ್ವಲ್ಪ ಕಡಿಮೆ, ಬೆಳಕಿನ ಮೇಲಂಚಿನ ಕಟ್ ಆಫ್ ಗೆರೆ ಉಳಿಯುತ್ತದೆ. ಆದರೂ ದೂರದ ಬೆಳಕು ಹ್ಯಾಲೋಜೆನ್ನಿಗಿಂತ ಕಡಿಮೆಯಾಗಬಹುದು, ಹತ್ತಿರ ಬೆಳ್ಳಗಿರುವುದರಿಂದ ಗೊತ್ತಾಗುವುದಿಲ್ಲ ಅಷ್ಟೇ. ಮಳೆಯಲ್ಲಂತೂ ಆ 6,000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕು ಒದ್ದೆ ರಸ್ತೆಯ ಮೇಲೆ ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ದುಡ್ಡು ಉಳಿಸಿ.

ಹೆಡ್‌ಲೈಟನ್ನೇ ಬಿಸಿ ಮಾಡಿ ಬಿಚ್ಚಿ ಹೊಸ ಪ್ರೊಜೆಕ್ಟರ್ ಕೂರಿಸುವುದೂ ಒಂದಿದೆ. ಚೆನ್ನಾಗಿ ಮಾಡಿದರೆ ಬೆಳಕು ಅದ್ಭುತ. ಆದರೆ ಮನೆಯ ಕೆಲಸ ಅಲ್ಲ. ಅಂಟು ಒಂದು ಕಡೆ ಬಿಟ್ಟರೂ ಮೊದಲ ಮಳೆಗೆ ಒಳಗೆ ನೀರು.

ಫಾಗ್ ಲ್ಯಾಂಪ್: ಘಾಟಿಯವರಿಗೆ

ಹೆಸರಿನಿಂದಾಗಿ ಜನ ಇದನ್ನು ತಪ್ಪು ತಿಳಿಯುತ್ತಾರೆ. ಫಾಗ್ ಲ್ಯಾಂಪ್ ಮಂಜನ್ನು ಸೀಳಿಕೊಂಡು ಹೋಗುವುದಿಲ್ಲ. ಮಂಜಿನ ಕೆಳಗೆ ನುಸುಳುತ್ತದೆ. ಕೆಳಗೆ ಕೂತಿರುತ್ತದೆ, ಅಗಲಕ್ಕೆ ಹರಡುತ್ತದೆ, ಮೇಲ್ಭಾಗ ಚಾಕುವಿನಲ್ಲಿ ಕತ್ತರಿಸಿದ ಹಾಗೆ ನಿಂತುಬಿಡುತ್ತದೆ. ದೂರ ಕಾಣಿಸುವುದಿಲ್ಲ, ಕಾಣಿಸುವ ಆಸೆಯೂ ಬೇಡ. ರಸ್ತೆಯಂಚಿನ ಬಿಳಿ ಗೆರೆ, ತಡೆಗೋಡೆಯ ಬುಡ, ತಿರುವಿನ ಒಳಗಿನ ಚರಂಡಿ, ಇಷ್ಟು ಕಂಡರೆ ಘಾಟಿಯಲ್ಲಿ ಗಂಟೆಗೆ 20–30 ಕಿಲೋಮೀಟರಿನಲ್ಲಿ ಇಳಿಯಬಹುದು.

ಇಲ್ಲಿ ಎರಡು ದಾರಿ. ನಿಮ್ಮ ಕಾರು ಕೆಳಗಿನ ವೇರಿಯಂಟ್ ಆಗಿದ್ದು, ಟಾಪ್ ವೇರಿಯಂಟಿಗೆ ಫಾಗ್ ಲ್ಯಾಂಪ್ ಬರುತ್ತದೆ ಅಂತಾದರೆ ಬಂಪರಿನಲ್ಲಿ ಅದರ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಕೆಲವು ಮಾದರಿಗಳಲ್ಲಿ ಹಿಂದೆ ಕಪ್ಲರ್ ಕೂಡ ಸುಮ್ನೆ ನೇತಾಡುತ್ತಿರುತ್ತದೆ. ಕಂಪನಿಯ ಕಿಟ್ ತಂದರೆ ದೀಪ, ಮುಚ್ಚಳ, ಸ್ವಿಚ್ಚು ಎಲ್ಲ ಅಳತೆಗೆ ಕೂರುತ್ತದೆ. ಬೆಲೆ ಜಾಸ್ತಿ ಅನ್ನಿಸಬಹುದು. ಕಾನೂನು, ವಾರಂಟಿ, ನೋಟ ಮೂರೂ ನೆಮ್ಮದಿ. ನನ್ನ ಕೇಳಿದರೆ ಹೊಸ ಕಾರಿನವರು ಬೇರೆ ಏನನ್ನೂ ನೋಡಬೇಕಾಗಿಲ್ಲ.

ಹಳೇ ಕಾರಿಗೆ ಹೊರಗಿನ ಕಿಟ್ ಸಾಕು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಎಲ್ಲ ಮಾದರಿಗೂ ಸಿಗುತ್ತದೆ. ನಾನು ಎರಡು ದೀಪ, ಬ್ರಾಕೆಟ್, ರಿಲೇ, ಸ್ವಿಚ್ ಸೇರಿ 3,800 ಕೊಟ್ಟೆ. ಕೊಳ್ಳುವಾಗ ಎರಡು ನೋಡಿ. ದೀಪವನ್ನು ಗೋಡೆಗೆ ಹಿಡಿದು ಹೊತ್ತಿಸಿ ಅನ್ನಿ. ಮೇಲಿನ ಅಂಚು ನೇರ ಗೆರೆಯಾಗಿ ನಿಲ್ಲಬೇಕು. ದುಂಡಗೆ ಟಾರ್ಚಿನ ಹಾಗೆ ಬಿದ್ದರೆ ಅದು ಫಾಗ್ ಲ್ಯಾಂಪ್ ಅಲ್ಲ, ಹೆಸರಷ್ಟೇ. ಇನ್ನೊಂದು, ನೀರು ತಡೆಯುವ ಗುಣ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ತಡೆಯಬೇಕು. ಬಂಪರಿನ ಕೆಳಗೆ ಕೂರುವ ದೀಪಕ್ಕೆ ಮಲೆನಾಡಿನ ಜುಲೈ ತಿಂಗಳು ಅದಕ್ಕಿಂತ ಕಡಿಮೆ ಪರೀಕ್ಷೆ ಏನಲ್ಲ.

ಹಳದಿಯೋ ಬಿಳಿಯೋ? ಹಳದಿ ಬೆಳಕು ಮಂಜನ್ನು ಹೆಚ್ಚು ತೂರುತ್ತದೆ ಅನ್ನುವುದಕ್ಕೆ ಬಲವಾದ ಆಧಾರವಿಲ್ಲ. ಬೆಳಕಿನ ಅಲೆಗಿಂತ ಮಂಜಿನ ಹನಿ ಎಷ್ಟೋ ದೊಡ್ಡದು, ಅದಕ್ಕೆ ಎಲ್ಲ ಬಣ್ಣವೂ ಒಂದೇ. ಫ್ರಾನ್ಸಿನಲ್ಲಿ 1993ರವರೆಗೆ ಕಾರುಗಳ ಹೆಡ್‌ಲೈಟೇ ಹಳದಿ ಇರಬೇಕಿತ್ತು, ಆಮೇಲೆ ಕೈಬಿಟ್ಟರು. ಆದರೆ ನೀಲಿ ಅಂಶ ಇಲ್ಲದ ಬೆಳಕು ವಾಪಸ್ ಬಂದಾಗ ಕಣ್ಣಿಗೆ ಚುಚ್ಚುವುದು ಕಡಿಮೆ. ಎರಡು ಗಂಟೆ ಮಂಜಿನಲ್ಲಿ ಓಡಿಸಿದ ಮೇಲೆ ಆ ವ್ಯತ್ಯಾಸ ಗೊತ್ತಾಗುತ್ತದೆ. ನನ್ನದು ಹಳದಿ. ಮಂಜು ಇಲ್ಲದಾಗ ಆಫ್ ಮಾಡಿ. ಊರೊಳಗೆ ಅದನ್ನು ಹಾಕಿಕೊಂಡು ಓಡಾಡುವುದು ಹಗಲಲ್ಲಿ ಕೊಡೆ ಬಿಚ್ಚಿಕೊಂಡು ಮದುವೆಗೆ ಹೋದ ಹಾಗೆ.

ಡ್ರೈವಿಂಗ್ ಲೈಟ್: ನೇರ ರಸ್ತೆಯವರಿಗೆ

ಇದು ಫಾಗ್ ಲ್ಯಾಂಪಿಗೆ ತದ್ವಿರುದ್ಧ. ಕಿರಿದು, ಉದ್ದ, ಹೈ ಬೀಮಿಗೆ ಜೊತೆಗಾರ. ಏಕೆ ಬೇಕು ಅಂತ ಲೆಕ್ಕ ನೋಡಿ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಏನೋ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 30 ಮೀಟರ್ ದಾಟಿರುತ್ತೀರಿ. ಒಣ ರಸ್ತೆಯಲ್ಲೂ ನಿಲ್ಲುವ ಹೊತ್ತಿಗೆ ಒಟ್ಟು 65–70 ಮೀಟರ್. ಲೋ ಬೀಮಿನಲ್ಲಿ ಅಷ್ಟು ದೂರ ಚೆನ್ನಾಗಿ ಕಾಣುವುದೇ ಕಷ್ಟ. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವ ಟ್ರ್ಯಾಕ್ಟರ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಲ್ಲಾ ಕಂಪನಿಯ ಕಾಮೆಟ್ 500ರಂಥ ದುಂಡನೆಯ, ಎಚ್3 ಬಲ್ಬಿನ, 55 ವ್ಯಾಟ್ ಹ್ಯಾಲೋಜೆನ್ ದೀಪಗಳು ಹಳೇ ಕಾಲದ ನಂಬಿಕಸ್ಥರು. ಬಲ್ಬ್ ಹೋದರೆ ಸಣ್ಣ ಊರಿನಲ್ಲೂ ಸಿಗುತ್ತದೆ. ಎಲ್‌ಇಡಿಯಲ್ಲಿ ಒಳ್ಳೆಯದಕ್ಕೆ ದುಡ್ಡು ಜಾಸ್ತಿ, ಕೆಟ್ಟರೆ ಇಡೀ ದೀಪವನ್ನೇ ಎಸೆಯಬೇಕು. ಆದರೆ ಕರೆಂಟ್ ಕಡಿಮೆ, ಕಂಪನ ತಡೆಯುತ್ತದೆ.

ಇದರಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ನಿಯಮ ಒಂದು. ದೀಪ ಹೈ ಬೀಮಿನ ಜೊತೆಗೇ ಹೊತ್ತಬೇಕು, ಡಿಪ್ ಮಾಡಿದ ತಕ್ಷಣ ಆರಬೇಕು. ರಿಲೇಯ 86 ನಂಬರಿನ ಕಾಲಿಗೆ (ಪಿನ್ನಿಗೆ) ಹೈ ಬೀಮ್ ವೈರಿನಿಂದ ಸಿಗ್ನಲ್ ಕೊಡಿ, 85ನೇ ಕಾಲನ್ನು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ಅರ್ಥ್ ಮಾಡಿ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಹಾಕಿದ ವೈರು, 87ರಿಂದ ದೀಪಗಳಿಗೆ. ಪ್ರತ್ಯೇಕ ಸ್ವಿಚ್ಚಿನಲ್ಲಿ ಮಾತ್ರ ಹೊತ್ತುವ ಹಾಗೆ ಮಾಡಿದರೆ ಎದುರು ಗಾಡಿ ಬಂದಾಗ ಆರಿಸಲು ಮರೆಯುತ್ತೀರಿ, ಖಂಡಿತ ಮರೆಯುತ್ತೀರಿ. ಇಷ್ಟು ಮಾಡಿದರೂ ಕಿರಿದಾದ ಸ್ಪಾಟ್ ಬೀಮಿನ ದೀಪಕ್ಕೆ 111ನೇ ನಿಯಮದ ತಕರಾರು ಬರಬಹುದು. ಸ್ಥಳೀಯ ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಘಾಟಿಯಲ್ಲೇ ಓಡಾಡುವವರಿಗೆ ಇದಕ್ಕೆ ಹಾಕುವ ದುಡ್ಡು ವ್ಯರ್ಥ.

ಲೈಟ್ ಬಾರ್ ಮತ್ತು ಬೈಕು

ಲೈಟ್ ಬಾರ್ ಬಗ್ಗೆ ಬೇಗ ಮುಗಿಸುತ್ತೇನೆ. ತೋಟದ ಖಾಸಗಿ ರಸ್ತೆಗೆ ಚೆಂದ. ಸಕಲೇಶಪುರ, ಆಲೂರು ಕಡೆ ರಾತ್ರಿ ಕಾಫಿ ಗಿಡದ ನಡುವೆ ಆನೆ ನಿಂತಿದೆಯೋ ಇಲ್ಲವೋ ಅಂತ ನೋಡಬೇಕಾದವನಿಗೆ ಅಗಲ ಬೆಳಕು ಬೇಕೇ ಬೇಕು. ನೆಂಟರ ಜೀಪಿಗೆ ನಾನೇ ಹಾಕಿಕೊಟ್ಟಿದ್ದೇನೆ. ಡಾಂಬರು ರಸ್ತೆಗೆ ಬಂದರೆ ಅದು ಕೇಸು. ಮಂಜಿನಲ್ಲಿ ಅದರಷ್ಟು ಕೆಟ್ಟ ದೀಪ ಇನ್ನೊಂದಿಲ್ಲ. ಛಾವಣಿಯ ಮೇಲಿದ್ದರೆ ಬಾನೆಟ್ಟೇ ಹೊಳೆದು ಕಣ್ಣಿಗೆ ಹೊಡೆಯುತ್ತದೆ, ಜೊತೆಗೆ ಗಾಳಿಯ ಸಿಳ್ಳೆ.

ಬೈಕಿನವರು ಮೊದಲು ಮ್ಯಾನುಯಲ್ ತೆಗೆದು ಆಲ್ಟರ್ನೇಟರ್ (ಕರೆಂಟ್ ತಯಾರಿಸುವ ಭಾಗ) ಎಷ್ಟು ವ್ಯಾಟ್ ಅಂತ ನೋಡಿ. 2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಹೊತ್ತಿರುತ್ತದೆ, ಅದರ ಪಾಲು ಆಗಲೇ ಹೋಗಿದೆ. ಪೆಟ್ರೋಲ್ ಇಂಜೆಕ್ಷನ್, ಇಂಡಿಕೇಟರ್, ಹಾರ್ನ್ ಕಳೆದು ಉಳಿದದ್ದರಲ್ಲಿ ನಿಮ್ಮ ದೀಪ. 10 ವ್ಯಾಟಿನ ಎರಡು ಎಲ್‌ಇಡಿ ಸಾಮಾನ್ಯವಾಗಿ ತೊಂದರೆ ಇಲ್ಲ. 55 ವ್ಯಾಟಿನ ಹ್ಯಾಲೋಜೆನ್ ಜೋಡಿ ಹಾಕಿದರೆ ಟ್ರಾಫಿಕ್ಕಿನಲ್ಲಿ ನಿಧಾನ ಹೋಗುವಾಗ ಬ್ಯಾಟರಿ ಕುಡಿದುಬಿಡುತ್ತದೆ, ಬೆಳಗ್ಗೆ ಸೆಲ್ಫ್ ಎತ್ತುವುದಿಲ್ಲ. ಕ್ರ್ಯಾಶ್ ಗಾರ್ಡಿನ ಕೆಳಭಾಗಕ್ಕೆ ಹಾಕಿ, ತುಸು ಕೆಳಮುಖ ಮಾಡಿ, ನಟ್ಟಿಗೆ ನೈಲಾನ್ ಲಾಕ್ ಇರುವುದನ್ನೇ ಬಳಸಿ. ಅರ್ಥ್ ವೈರನ್ನು ಚೌಕಟ್ಟಿನ ಬಣ್ಣದ ಮೇಲೆ ಬಿಗಿಯಬೇಡಿ, ಬ್ಯಾಟರಿಯ ನೆಗೆಟಿವ್‌ವರೆಗೆ ತನ್ನಿ.

ಹಾಗಾದರೆ ಯಾರಿಗೆ ಯಾವುದು

ಎರಡೂವರೆ ಸಾವಿರದ ಒಳಗೆ, ಹಳೇ ಎಚ್4 ಕಾರು ಇದ್ದರೆ ಪಾಲಿಶ್, ಹಾರ್ನೆಸ್, ಒಳ್ಳೇ ಬಲ್ಬ್. ಎಂಥ ರಸ್ತೆಯಾದರೂ ಮೊದಲ ಹೆಜ್ಜೆ ಇದೇ. ಇದಕ್ಕೆ ಇನ್ನೂ ಮೂರ್ನಾಲ್ಕು ಸಾವಿರ ಸೇರಿಸಬಲ್ಲಿರಿ, ಮಲೆನಾಡು, ಕೊಡಗಿನ ಕಡೆ ಓಡಾಟ ಇದೆ ಅಂದರೆ ಹಳದಿ ಫಾಗ್ ಲ್ಯಾಂಪ್. ಬಯಲುಸೀಮೆಯ ಹೆದ್ದಾರಿಯಲ್ಲಿ ರಾತ್ರಿ ಓಡಿಸುವ ಕೆಲಸವೇ ಆದರೆ ಡ್ರೈವಿಂಗ್ ಲೈಟ್, ಹೈ ಬೀಮಿಗೆ ಕಟ್ಟಿ. ವಾರಂಟಿಯಲ್ಲಿರುವ ಕಾರಾದರೆ ಕಂಪನಿಯ ಕಿಟ್, ಅದು ಸಿಗದಿದ್ದರೆ ವಾರಂಟಿ ಮುಗಿಯುವವರೆಗೆ ಸುಮ್ಮನಿರಿ. ಊರೊಳಗೇ ಓಡಿಸುವವರಿಗೆ ಬೀದಿದೀಪ ಇದೆ, ಏನೂ ಬೇಡ. ವಯಸ್ಸಾದವರು "ಲೈಟು ಸಾಲ್ತಿಲ್ಲ" ಅಂದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಮ್ಮ ಮಾವನಿಗೆ ಪೊರೆ ಬಂದದ್ದು ಗೊತ್ತಾಗಿದ್ದೇ ಹಾಗೆ.

ಯಾವುದೇ ಹಾಕಿದರೂ

ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು, ದೀಪದ ಹತ್ತಿರ ಅಲ್ಲ. ನಡುವಿನ ವೈರು ಎಲ್ಲಾದರೂ ಉಜ್ಜಿ ಗಾಡಿಯ ತಗಡಿಗೆ ತಾಗಿದರೆ ಅದನ್ನು ಕಾಯುವುದು ಆ ಫ್ಯೂಸು ಒಂದೇ. 55 ವ್ಯಾಟಿನ ಜೋಡಿಗೆ 15 ಆಂಪಿಯರ್, 20 ವ್ಯಾಟಿನ ಎಲ್‌ಇಡಿ ಜೋಡಿಗೆ 5 ಆಂಪಿಯರ್. ಮುಖ್ಯ ವೈರು 2.5 ಚದರ ಮಿಲಿಮೀಟರ್, ಒಂದೊಂದು ದೀಪಕ್ಕೆ ಹೋಗುವುದು 1.5.

ನನ್ನ ಎರಡನೇ ತಪ್ಪು ಇಲ್ಲೇ ಆದದ್ದು. ಎಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ಸ್ವಿಚ್ಚಿನ ವೈರ್ ತರುವಾಗ ತಗಡಿನ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕಿರಲಿಲ್ಲ. "ಟೇಪ್ ಸುತ್ತಿದ್ದೀನಲ್ಲ" ಅಂದುಕೊಂಡೆ. ಏಳನೇ ತಿಂಗಳು, ಘಾಟಿಯ ನಡುವೆ, ಮಳೆಯಲ್ಲಿ, ಎರಡೂ ಫಾಗ್ ಲ್ಯಾಂಪ್ ಒಟ್ಟಿಗೆ ಆರಿದವು. ಕಂಪನಕ್ಕೆ ತಗಡಿನ ಅಂಚು ಟೇಪನ್ನೂ ಕೊಯ್ದು, ಇನ್ಸುಲೇಶನ್ನನ್ನೂ ಕೊಯ್ದು ತಾಮ್ರಕ್ಕೆ ತಾಗಿತ್ತು. ಫ್ಯೂಸ್ ಹಾರಿದ್ದರಿಂದ ಅಷ್ಟಕ್ಕೇ ಮುಗಿಯಿತು. ಹತ್ತು ರೂಪಾಯಿಯ ಗ್ರಾಮೆಟ್ಟು.

ಜೋಡಣೆಗಳನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಬೇಡಿ. ಸರಿಯಾದ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು) ಹಾಕಿ ಒತ್ತಿ ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ) ಏರಿಸಿ. ವೈರನ್ನು ಸೈಲೆನ್ಸರ್ ಪೈಪು, ರೇಡಿಯೇಟರ್ ಫ್ಯಾನಿನಿಂದ ದೂರ ಕಟ್ಟಿ. ಬಂಪರ್ ಹಿಂದೆ ಏರ್‌ಬ್ಯಾಗಿನ ಸೆನ್ಸರ್ ಇರಬಹುದು, ಹಳದಿ ಕಪ್ಲರ್ ಕಂಡರೆ ಕೈ ಹಾಕಬೇಡಿ. ಸ್ಟೀರಿಂಗ್ ಹತ್ತಿರವೂ ಅಷ್ಟೇ.

ಆಮೇಲೆ ಗುರಿ ಹಿಡಿಸುವುದು. ಇದನ್ನು ಮಾಡದೆ ಬಿಡುವವರೇ ಜಾಸ್ತಿ. ನಾನು ಮಾಡುವುದು ಊರಿನ ಅಡಿಕೆ ಗೋದಾಮಿನ ಗೋಡೆಯ ಎದುರು. ಸಮತಟ್ಟು ಜಾಗ, ಗೋಡೆಯಿಂದ ಹತ್ತು ಮೀಟರ್, ಟಯರಿನಲ್ಲಿ ಗಾಳಿ ಸರಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಬೇಕು. ದೀಪದ ನಡುಭಾಗ ನೆಲದಿಂದ ಎಷ್ಟು ಎತ್ತರ ಅಂತ ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ, ಫಾಗ್ ಲ್ಯಾಂಪಿನದು ಅದರದೇ ಎತ್ತರದ ಗೆರೆಗಿಂತ ಸುಮಾರು 20 ಸೆಂಟಿಮೀಟರ್ ಕೆಳಗೆ. ಡ್ರೈವಿಂಗ್ ಲೈಟಿನ ನಡುವಿನ ಹೊಳಪು ಗೆರೆಯ ಮೇಲೆ ಅಥವಾ ಕೂದಲೆಳೆ ಕೆಳಗೆ. ಬಿಗಿದ ಮೇಲೆ ಇನ್ನೊಮ್ಮೆ ನೋಡಿ, ನಟ್ಟು ತಿರುಗಿಸುವಾಗ ದೀಪವೂ ತಿರುಗಿರುತ್ತದೆ.

ಚಿಕ್ಕಪ್ಪನ ಮಗ ಕೊನೆಗೆ ಹಾರ್ನೆಸ್ ಹಾಕಿಕೊಂಡ, ಫಾಗ್ ಲ್ಯಾಂಪಿಗೆ ಮುಂದಿನ ತಿಂಗಳ ಸಂಬಳ ಕಾಯುತ್ತಿದ್ದಾನೆ. ಮೊನ್ನೆ ಫೋಟೋ ಕಳಿಸಿದ್ದ. ಗೋಡೆಯ ಮೇಲೆ ಎರಡು ಗೆರೆ, ಪಕ್ಕದಲ್ಲಿ ಮಗಳು ಸೀಮೆಸುಣ್ಣದಲ್ಲಿ ಬರೆದ ಒಂದು ಬೆಕ್ಕು. "ಬಲಗಡೆಯದು ಬೆಕ್ಕಿನ ಕಿವಿಗೆ ಬರ್ತಿದೆ ಅಣ್ಣ, ಇಳಿಸ್ಲಾ?" ಅಂತ ಕೇಳಿದ್ದ. ಇಳಿಸು ಅಂದೆ.